ಸುಬೈಹಾಳ ಮಡು

ಸಿನಾಯ್ ಕರಾವಳಿಯ ಆ ಊರಲ್ಲಿ ಆಕ್ಟೋಪಸ್ ಹಿಡಿಯುವುದರಲ್ಲಿ ಸುಬೈಹಾಳನ್ನು ಮೀರಿಸಿದವರಿರಲಿಲ್ಲ. ನೀರಿಳಿದಾಗ ಕಬ್ಬಿಣದ ಕೊಕ್ಕೆ ಹಿಡಿದು ಹೊರಟರೆ ಬಿಸಿಲೇರುವುದರೊಳಗೆ ಬುಟ್ಟಿ ಭರ್ತಿ. ಅವಳು ಹೋಗುತ್ತಿದ್ದದ್ದು ಹವಳದ ದಿಬ್ಬದ ನಡುವಿನ ಒಂದು ಮಡುವಿಗೆ. ಅದನ್ನು ತೋರಿಸಿದವಳು ತಾಯಿ. ಸುಬೈಹಾ ತೋರಿಸಿದ್ದು ಒಬ್ಬನಿಗೇ, ತಮ್ಮ ಇತೈವಿಗೆ.

ಇತೈವಿಯನ್ನು ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಿದ್ದಳು. ಅವನಿಗೆ ಮೊಲೆಯೂಡಿಸಿದವಳು ಸುಬೈಹಾಳ ತಾಯಿ. ಒಂದೇ ಹಾಲು ಕುಡಿದವರು ಒಡಹುಟ್ಟಿದವರೇ ಸರಿ. ಅಲ್ಲಿ ಅದಕ್ಕೆ ಎರಡು ಮಾತಿಲ್ಲ. ದೊಡ್ಡವನಾಗಿ ಅವನು ಪರದೇಶದವರನ್ನು ಹವಳ ತೋರಿಸಲು ನೀರೊಳಗೆ ಕರೆದೊಯ್ಯುವ ಕೆಲಸ ಹಿಡಿದಾಗ, ಸುಬೈಹಾ ಅವನನ್ನು ಪ್ರವಾದಿ ಸಾಲಿಹರ ಗೋರಿಗೆ ಕರೆದೊಯ್ದಳು.

"ಮಡುವಿಗೆ ಯಾರನ್ನೂ ಕರಕೊಂಡು ಹೋಗಲ್ಲ ಅಂತ ಆಣೆ ಮಾಡು."

"ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ವಾ ಅಕ್ಕ?" ಎಂದು ನಕ್ಕು, ಗೋರಿಯ ಹಸಿರು ಬಟ್ಟೆ ಮುಟ್ಟಿ ಆಣೆಯಿಟ್ಟಿದ್ದ.

ಮೂರು ವರ್ಷದ ಮೇಲೆ ಒಂದು ಬೆಳಗ್ಗೆ ಅವಳು ಹೋಗಿ ನೋಡಿದರೆ ದಡದಲ್ಲಿ ಎರಡು ಜೀಪು. ಮಡುವಿನ ಅಂಚಿನಲ್ಲಿ ಹನ್ನೆರಡು ಜನ, ಬೆನ್ನಿಗೆ ಸಿಲಿಂಡರ್, ಕಾಲಿಗೆ ರಬ್ಬರಿನ ರೆಕ್ಕೆ. ಹವಳವನ್ನೇ ಮೆಟ್ಟಿ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಕಾಲಡಿಯಲ್ಲಿ ಅದು ಹಪ್ಪಳದಂತೆ ಮುರಿಯುವುದು ಅವಳ ಕಿವಿಗೆ ಬೀಳುತ್ತಿತ್ತು.

"ಇತೈವಿ!" ಎಂದು ಕೂಗಿದಳು.

ಅವನು ತಿರುಗಿ ನೋಡಿದ, ನೋಡದವನಂತೆ ಮುಖ ತಿರುಗಿಸಿದ. ಗುಂಪಿನ ಹೆಂಗಸೊಬ್ಬಳು ಯಾರವಳು ಎಂದು ಕೇಳಿದಳು. ಸಂತೆಯಲ್ಲಿ ಪರದೇಶದವರಿಗೆ ಮಣಿಸರ ಮಾರಿ ಮಾರಿ ಸುಬೈಹಾಗೂ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಇತೈವಿ ಹೇಳಿದ್ದು ಅವಳಿಗೆ ಸ್ಪಷ್ಟವಾಗಿ ಅರ್ಥವಾಯಿತು: "ಯಾರೋ ಮುದುಕಿ, ಭಿಕ್ಷೆಗೆ ಬಂದಿದ್ದಾಳೆ."

ಆ ಹೆಂಗಸು ಹತ್ತಿರ ಬಂದು ಅವಳ ಬುಟ್ಟಿಗೆ ಒಂದು ಬಿಸ್ಕತ್ತಿನ ಪೊಟ್ಟಣ ಹಾಕಿದಳು. ಸುಬೈಹಾ ಅದನ್ನು ತೆಗೆದು ಜೀಪಿನ ಮೇಲಿಟ್ಟು ಮನೆಗೆ ನಡೆದಳು.

ಮರುದಿನ ಇತೈವಿ ಸಕ್ಕರೆ, ಚಹಾಪುಡಿ ಹೊತ್ತು ಬಂದ. "ಅಕ್ಕ, ಅವರೆದುರಿಗೆ ಏನು ಹೇಳಬೇಕೋ ತೋಚಲಿಲ್ಲ. ಬಾಯಿಗೆ ಬಂದದ್ದು ಅಂದುಬಿಟ್ಟೆ. ಬೈದುಬಿಡು, ಹೊಡಿ ಬೇಕಾದ್ರೆ."

ಅವಳು ಬೈಯಲಿಲ್ಲ. ಸೆರಗನ್ನು ಮೂಗಿನವರೆಗೆ ಎಳೆದು ಮುಖ ಮುಚ್ಚಿಕೊಂಡಳು. ತಮ್ಮನೆದುರು ಯಾವ ಅಕ್ಕನೂ ಹಾಗೆ ಮಾಡುವುದಿಲ್ಲ. ಅದು ಪರಗಂಡಸರ ಮುಂದೆ ಮಾತ್ರ.

"ಅಕ್ಕ, ಹೀಗೆ ಮಾಡಬೇಡ," ಎಂದ ಇತೈವಿ.

"ಬನ್ನಿ, ಕೂತ್ಕೊಳ್ಳಿ. ಮನೆಗೆ ಬಂದವರನ್ನ ಬರಿಗೈಲಿ ಕಳಿಸಲ್ಲ," ಎಂದು ಚಹಾ ಬಗ್ಗಿಸಿಕೊಟ್ಟು, ಗುಡಾರದ ಹಿಂದೆ ಆಡಿನ ಹಾಲು ಕರೆಯಲು ಹೋದಳು. ಅವನು ಆ ಲೋಟ ಮುಟ್ಟದೆ ಎದ್ದುಹೋದ.

ಜೀಪುಗಳ ಓಡಾಟವಂತೂ ನಿಲ್ಲಲಿಲ್ಲ. ವರ್ಷದೊಳಗೆ ಮಡುವಿನಲ್ಲಿ ಒಂದು ಆಕ್ಟೋಪಸ್ಸೂ ಉಳಿಯಲಿಲ್ಲ. ಸುಬೈಹಾ ದಕ್ಷಿಣಕ್ಕೆ ಅರ್ಧ ದಿನದ ದಾರಿ ನಡೆದು ಇನ್ನೊಂದು ಜಾಗ ಹುಡುಕಿಕೊಂಡಳು. ತುಂಬಿದ ಬುಟ್ಟಿ ನೋಡಿ ಮಗಳು ಆಸೆಯಿಂದ ಕೇಳಿದಳು: "ಎಲ್ಲಿ ಸಿಕ್ತಮ್ಮ? ನನಗೂ ತೋರಿಸ್ತೀಯಾ?"

"ಸಮುದ್ರದಲ್ಲಿ ಸಿಕ್ತು," ಎಂದಳು ಸುಬೈಹಾ, ಮಗಳ ಮುಖ ನೋಡದೆ.