ಸೇತುವೆಯ ಮೇಲಿನ ನಾಲ್ಕನೆಯವನು

"ಸೇತುವೆ ಮೇಲೆ ಮೂರು ಜನರನ್ನ ಬರೆದ್ನಾ, ನಾಲ್ಕಾ?"

ಪಿಂಗಾಣಿ ಕಾರ್ಖಾನೆಯ ಚಿತ್ರಗಾರ್ತಿ ಹೆಸ್ಟರ್ ಪಾರ್ಡೋ ಕೇಳಿದ್ದು ಯಾರನ್ನೂ ಅಲ್ಲ. ಪಕ್ಕದ ಬೆಂಚಿನ ಡಾರ್ಕಸ್ ಮಾತ್ರ ಕುಂಚ ಕಚ್ಚಿಕೊಂಡೇ ನಕ್ಕಳು.

"ನಾಲ್ಕಾದ್ರೆ ಆಗ್ಲಿ ಬಿಡಕ್ಕ, ಚೀನಾದಲ್ಲಿ ಜನಕ್ಕೇನು ಬರವಾ? ನಾವ್ಯಾರೂ ಹೋಗಿ ಎಣಿಸ್ಕೊಂಡು ಬಂದಿಲ್ವಲ್ಲ."

ಹೆಸ್ಟರ್‌ಗೆ ನಗು ಬರಲಿಲ್ಲ. ಕಿಟಕಿಯಾಚೆ ಸೆವರ್ನ್ ನದಿಯ ದಡದಲ್ಲಿ ಭಟ್ಟಿಯ ಬಾಯಿಗೆ ಕಟ್ಟಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಕಳೆದ ವಾರ ಅವಳು ಚೀನಾದ ಸೇತುವೆ, ಅದರ ಮೇಲೆ ಮೂರು ಜನ ಇರುವ ಚಿತ್ರ ಬರೆದ ಇಪ್ಪತ್ತನಾಲ್ಕು ಸಾಸರುಗಳು ಅದರೊಳಗಿದ್ದವು. ಅವಳ ಕಣ್ಣುಗಳಿಗೆ ಮಂಜು ಕವಿದು ತಿಂಗಳಾಗಿತ್ತು. ಯಾರಿಗೂ ಹೇಳಿರಲಿಲ್ಲ, ಕೈಗೆ ರೂಢಿಯಾದ ಚಿತ್ರ, ಕೈಯೇ ಬರೆಯುತ್ತದೆ ಎಂದುಕೊಂಡಿದ್ದಳು. ಆದರೆ ಒಂದು ಸಾಸರಿನ ಚಿತ್ರವನ್ನು ಸೇತುವೆಯ ಜನರನ್ನು ಬರೆಯುತ್ತಿದ್ದಾಗ ಅರ್ಧಕ್ಕೆ ನಿಲ್ಲಿಸಿ ಊಟಕ್ಕೆ ಎದ್ದಿದ್ದಳು. ಮರಳಿ ಬಂದಾಗ ಎಲ್ಲಿಗೆ ನಿಲ್ಲಿಸಿದ್ದೆನೆಂಬುದು ಕಣ್ಣಿಗೆ ನಿಲುಕದೆ ಅಂದಾಜಿನಲ್ಲೇ ಮುಗಿಸಿದ್ದಳು. ಈ ಬಣ್ಣವೋ, ಹಚ್ಚುವಾಗ ಮಸಿಯ ಹಾಗೆ ಕಪ್ಪು. ಬೆಂಕಿ ಕಂಡ ಮೇಲಷ್ಟೇ ನೀಲಿ. ಹೊಳಪು ಹಚ್ಚದ ಪಿಂಗಾಣಿ ಅದನ್ನು ಹೀರಿದರೆ ಹೀರಿತು. ಒರೆಸುವಂತಿಲ್ಲ.

ಕಣ್ಣು ಹೋದವರಿಗೆ ಇಲ್ಲಿ ಉಳಿಯುವುದು ಉಜ್ಜುವ ಕೊಟ್ಟಿಗೆ. ಮೊದಲ ಸುಡುವಿಕೆಯಿಂದ ಬಂದ ಪಾತ್ರೆಗಳಿಗೆ ಅಂಟಿದ ಬೆಣಚುಕಲ್ಲಿನ ಪುಡಿಯನ್ನು ಅಲ್ಲಿ ಕೆರೆದು ತೆಗೆಯುತ್ತಾರೆ, ಆ ಧೂಳು ಎದೆಗಿಳಿಯುತ್ತದೆ. ತಂಗಿ ಜೂಡಿತ್ ಅಲ್ಲಿ ಎರಡು ಚಳಿಗಾಲ ದುಡಿದಳು. ಕೊನೆಕೊನೆಗೆ ಕೀರ್ತನೆಯ ಒಂದು ಸಾಲನ್ನೂ ಒಂದೇ ಉಸಿರಿಗೆ ಹೇಳಲಾರದವಳಾದಳು. ಅವಳು ನಿಲ್ಲಿಸಿದಲ್ಲಿಂದ ಮುಂದಿನ ಮಾತನ್ನು ಹೆಸ್ಟರೇ ಹೇಳಿ ಮುಗಿಸುತ್ತಿದ್ದಳು.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಹೆಸ್ಟರ್ ಕುಂಚ ಕೆಳಗಿಟ್ಟಳು. ಮೇಸ್ತ್ರಿ ಟ್ರಾಂಟರ್ ಒಳಗೆ ಬಂದ. ಕೈಯಲ್ಲೊಂದು ಸಾಸರು, ಇನ್ನೂ ಬೆಚ್ಚಗಿತ್ತು.

"ಸೇತುವೆ ಮೇಲೆ ನಾಲ್ಕು ಜನ! ನಾಲ್ಕನೆಯವನಿಗೆ ಕಾಲೇ ಇಲ್ಲ, ದೆವ್ವದ ಥರ ತೇಲ್ತಿದಾನೆ. ದೊಡ್ಡ ಮನೆಯವರ ಸೆಟ್ಟು ಇದು. ಯಾರ ಕೈ?"

ಟ್ರಾಂಟರ್ ಸಾಸರನ್ನು ಬೋರಲು ಮಾಡಿದ. ಬರೆದವರು ತಮ್ಮ ಗುರುತನ್ನು ತಳದಲ್ಲಿ ಹಾಕುವುದು ಪದ್ಧತಿ. ಹೆಸ್ಟರ್‌ಳದು ಬಾಲವಿರುವ ಚುಕ್ಕೆ, ಡಾರ್ಕಸ್‌ಳದು ಮೀನಿನ ಗಾಳ; ಬಣ್ಣ ಹರಡಿದರೆ ಎರಡೂ ಒಂದೇ ಥರ.

"ಬೆಂಕೀಲಿ ಬಣ್ಣ ಹರಡ್ಕೊಂಡಿದೆ," ಎನ್ನುತ್ತ ಅವನು ನೇರವಾಗಿ ಹೆಸ್ಟರ್‌ಳ ಹತ್ತಿರ ಬಂದ. "ನೀನು ನೋಡಮ್ಮ. ಇಪ್ಪತ್ತು ವರ್ಷದಲ್ಲಿ ನಿಂದೊಂದು ತಟ್ಟೆ ವಾಪಸ್ ಬಂದಿಲ್ಲ, ನಿನ್ನಷ್ಟು ಚೂಪು ಕಣ್ಣು ಇಲ್ಯಾರಿಗಿದೆ? ಇದು ಡಾರ್ಕಸ್‌ದು ಗಾಳ ತಾನೆ? ಹೂಂ ಅನ್ನು, ಸಾಕು. ನಾಳೆಯಿಂದ ಅವಳು ಕೊಟ್ಟಿಗೆಗೆ."

"ದೇವರಾಣೆ ನಂದಲ್ಲ, ಮೇಸ್ತ್ರಿ!" ಎಂದಳು ಡಾರ್ಕಸ್. ಆಮೇಲೆ ಮೆಲ್ಲಗೆ, "ಅಕ್ಕಾ..."

ಹೆಸ್ಟರ್ ಸಾಸರನ್ನು ಕಣ್ಣಿನ ಹತ್ತಿರ ಹಿಡಿದಳು. ಕಂಡದ್ದು ಒಂದು ನೀಲಿ ಕಲೆ, ಅಷ್ಟೆ. ಆದರೆ ಅದು ಯಾರದೆಂದು ತಿಳಿಯಲು ಅವಳಿಗೆ ಕಣ್ಣು ಬೇಕಿರಲಿಲ್ಲ. ಒಂದು ಹೂಂ ಅಂದರೆ ಈ ಬೆಂಚು, ಈ ಕಿಟಕಿ, ಎದೆ ತುಂಬ ಉಸಿರು, ಎಲ್ಲ ತನಗೇ ಉಳಿಯುತ್ತದೆ. ಸಾಸರನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟಳು.

"ಹೇಳಮ್ಮ, ಹೂಂ ಅನ್ನು."

"ಇಲ್ಲ ಮೇಸ್ತ್ರಿ," ಎಂದಳು ಹೆಸ್ಟರ್. "ನಾನು ಅನ್ನಲ್ಲ."