ನೂರ ಮೂವತ್ತು ಬೈ ಎಂಬತ್ತು

ಪ್ರಿಯದರ್ಶಿನಿ ತವರಿಗೆ ಬಂದದ್ದು ಅಮ್ಮನನ್ನು ನೋಡಲಿಕ್ಕಲ್ಲ, ಮಾರ್ಕ್ಸ್ ಕಾರ್ಡಿಗೆ. ಸುಳ್ಳು ಯಾಕೆ ಹೇಳಬೇಕು? ಎಂ.ಎಸ್ಸಿ. ನರ್ಸಿಂಗಿಗೆ ಸೇರಲು ಅದೇ ಕೊನೆಯ ದಿನ. ಒರಿಜಿನಲ್ ಕಾಗದಗಳೆಲ್ಲ ಭದ್ರಾವತಿಯ ಕಾಗದನಗರದಲ್ಲಿ, ಅಮ್ಮನ ಟ್ರಂಕಿನಲ್ಲಿ. ಸಂಜೆ ಐದರೊಳಗೆ ಶಿವಮೊಗ್ಗದ ಎರಡು ಕಾಲೇಜುಗಳಲ್ಲಿ ಒಂದಕ್ಕೆ ಅವನ್ನು ಒಪ್ಪಿಸಬೇಕು. ಒಮ್ಮೆ ಒಪ್ಪಿಸಿದರೆ ಎರಡು ವರ್ಷ ಅತ್ತಿತ್ತ ಅಲ್ಲಾಡುವ ಹಾಗಿಲ್ಲ.

ಯಾವುದಕ್ಕೆ ಅನ್ನುವುದು ಬಸ್ಸಿನಲ್ಲೇ ತೀರ್ಮಾನವಾಗಿತ್ತು. ಬೈಪಾಸ್ ಪಕ್ಕದ ಹೊಸ ಕಾಲೇಜು. ಅಲ್ಲಿನ ಆಫೀಸಿನ ಹರಿಪ್ರಸಾದ್ ಕೈ ಮುಗಿದು ಕೂರಿಸಿ, "ಮೇಡಂ, ನೀವು ಪರೀಕ್ಷೆಗೆ ಬನ್ನಿ ಸಾಕು. ಹಾಜರಿ, ರೆಕಾರ್ಡು ಎಲ್ಲಾ ನಾವು ನೋಡ್ಕೋತೀವಿ" ಎಂದಿದ್ದ. ವಿನೋಬನಗರದ ಕ್ಲಿನಿಕ್ಕಿನ ಹನ್ನೊಂದು ವರ್ಷದ ಕೆಲಸವೂ ಉಳಿಯುತ್ತದೆ, ಡಿಗ್ರಿಯೂ ಬರುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂದರೆ ಇದೇ. ಇನ್ನೊಂದು ಹಳೇ ಕಾಲೇಜು. ಅಲ್ಲಿನ ಪ್ರಿನ್ಸಿಪಾಲ್ ಜಗದಾಂಬಾ ಕನ್ನಡಕದ ಮೇಲಿಂದ ನೋಡಿ, "ವಾರಕ್ಕೆ ಆರು ದಿನ ಬರ್ಬೇಕಮ್ಮ, ಮನೆಮನೆ ಸುತ್ತಬೇಕು. ಕೆಲ್ಸ ಬಿಟ್ಟು ಬರೋದಾದ್ರೆ ಬಾ" ಎಂದಿದ್ದರು. ಕೆಲಸ ಬಿಟ್ಟರೆ ಗಂಡ ಸಂಜಯನೊಬ್ಬನ ಸಂಬಳದಲ್ಲಿ ಮನೆ ನಡೆಯಬೇಕು. ಡಾಕ್ಟರು ಇವಳ ಜಾಗವನ್ನು ಎರಡು ವರ್ಷ ಖಾಲಿ ಇಟ್ಟುಕೊಂಡು ಕಾಯುತ್ತಾರೆಯೇ? ಇಷ್ಟೆಲ್ಲ ಗೊತ್ತಿದ್ದೂ ಹಳೇ ಕಾಲೇಜಿಗೆ ಯಾರಾದರೂ ಹೋಗುತ್ತಾರಾ, ನೀವೇ ಹೇಳಿ.

ತಮ್ಮ ಸುನಿಲ್, ಅವನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಅಮ್ಮ ವಿಮಲಮ್ಮ ಚಕ್ಕುಲಿ ಕರಿಯುತ್ತಿದ್ದರು.

"ಏನ್ ಮಾರಾಯ್ತಿ, ದಾರಿ ತಪ್ಪಿ ಬಂದ್ಯಾ?"

"ಟೈಮಿಲ್ಲಮ್ಮ. ಟ್ರಂಕಿನ ಬೀಗದ ಕೈ ಎಲ್ಲಿ?"

"ಮೊಳೆಗೆ ಹಾಕಿದೀನಿ, ತಗೋ. ಯಾವಾಗ್ಲೂ ಕುದುರೆ ಮೇಲೇ ಬರ್ತೀಯಪ್ಪ."

ಟ್ರಂಕಿನಲ್ಲಿ ಎರಡು ರೇಷ್ಮೆ ಸೀರೆ, ನುಸಿಗುಳಿಗೆ, ಅಪ್ಪ ಕೃಷ್ಣಪ್ಪನವರ ಪೇಪರ್ ಮಿಲ್ಲಿನ ಗುರುತಿನ ಚೀಟಿ. ಮಾರ್ಕ್ಸ್ ಕಾರ್ಡಿನ ಕವರನ್ನು ಎಳೆದಾಗ ಅದರಡಿ ಒಂದು ನೀಲಿ ಫೈಲು ಕಂಡಿತು. ಮೇಲೆ ಬೈಪಾಸ್ ಕಾಲೇಜಿನ ಹೆಸರು. ಅದೇನೆಂದು ಪ್ರಿಯದರ್ಶಿನಿಗೆ ಯಾರೂ ಹೇಳಬೇಕಾಗಿರಲಿಲ್ಲ. ನರ್ಸಿಂಗ್ ಓದುವ ಮಕ್ಕಳಿಗೆ ತಲಾ ಒಂದು ಮನೆ ಹಂಚುತ್ತಾರೆ. ಆ ಮನೆಯವರ ಬಿಪಿ, ತೂಕ, ಊಟ ತಿಂಡಿ ಎಲ್ಲ ನೋಡಿ ಇಂಥ ಫೈಲಿನಲ್ಲಿ ಬರೆಯಬೇಕು. ಅಮ್ಮನ ಬೀದಿ ಆ ಕಾಲೇಜಿನ ಪಾಲಿಗೆ ಬಂದಿತ್ತು.

ಬಿಡಿಸಿದಳು. ಮನೆಯ ಯಜಮಾನರು ಕೃಷ್ಣಪ್ಪ, ಅರವತ್ತನಾಲ್ಕು ವರ್ಷ. ಬಿಪಿ 130/80. ನಾಡಿ 76. ಆರೋಗ್ಯ ಚೆನ್ನಾಗಿದೆ. ತಾರೀಕು ಹೋದ ವರ್ಷದ ಆಗಸ್ಟ್ ಹದಿನೇಳು.

ಅಪ್ಪ ತೀರಿಕೊಂಡಿದ್ದು ಹೋದ ವರ್ಷದ ಮೇ ತಿಂಗಳಲ್ಲಿ. ಔಷಧಿ ಬಾಟಲಿಯ ತಾರೀಕು ನೋಡುವ ಹಾಗೆ ಅವಳು ಮೂರು ಸಲ ನೋಡಿದಳು.

"ಅಮ್ಮ, ಇದೇನಿದು?"

"ಅದಾ? ಒಂದು ಹುಡುಗಿ ಬಿಟ್ಟು ಹೋಯ್ತು. ಜಗಲಿ ಮೇಲೆ ಕೂತು ಹಿಂದಿನ ವರ್ಷದ್ದು ನೋಡ್ಕೊಂಡು ಬರೀತು, ನೀರು ಕುಡೀತು. ಮುಂದಿನ ವಾರ ಬರ್ತೀನಜ್ಜಿ ಅಂತು, ಬರ್ಲೇ ಇಲ್ಲ."

"ಅಪ್ಪ ಇಲ್ಲ ಅಂತ ಹೇಳ್ಲಿಲ್ವಾ?"

"ಕೇಳಿದ್ರೆ ತಾನೇ ಹೇಳೋದು?"

"ಅದರ ಹಿಂದಿನ ವರ್ಷ ಬಂದಿದ್ರಲ್ಲ, ಅವ್ರಾದ್ರೂ ಬಿಪಿ ನೋಡಿದ್ರಾ?"

ವಿಮಲಮ್ಮ ಉರಿ ಸಣ್ಣ ಮಾಡಿದರು. "ನಿಮ್ಮಪ್ಪ ಶರಟಿನ ತೋಳು ಮಡಚ್ಕೊಂಡು ಅರ್ಧ ಗಂಟೆ ಕೂತಿದ್ರು ಕಣೆ. ಬಿಪಿ ಪಟ್ಟಿ ಅವ್ರ ಚೀಲದಿಂದ ಈಚೆಗೇ ಬರ್ಲಿಲ್ಲ. ಏನೋ ಗೀಚ್ಕೊಂಡು, ಚೆನ್ನಾಗಿದೆ ತಾತ ಅಂದ್ರು. ಇವ್ರು ಖುಷಿಯಾಗಿ ನಿಂಗೆ ಫೋನ್ ಮಾಡಿದ್ರಲ್ಲ."

ಮಾಡಿದ್ದರು. "ಪುಟ್ಟಿ, ನೂರ ಮೂವತ್ತು ಬೈ ಎಂಬತ್ತಂತೆ! ಇನ್ನು ಇಪ್ಪತ್ತು ವರ್ಷ ಗ್ಯಾರಂಟಿ" ಅಂದಿದ್ದರು. ಟೋಕನ್ ಕೂಗುತ್ತಿದ್ದ ಪುಟ್ಟಿ "ಒಳ್ಳೇದಪ್ಪ" ಎಂದು ಫೋನ್ ಇಟ್ಟಿದ್ದಳು. ಎಂಟು ತಿಂಗಳಿಗೆ ಸ್ಟ್ರೋಕ್ ಹೊಡೆಯಿತು. ಆಸ್ಪತ್ರೆಯಲ್ಲಿ ಬಿಪಿ ಇನ್ನೂರ ಇಪ್ಪತ್ತು. "ಇಷ್ಟು ದಿನ ಯಾರೂ ನೋಡೇ ಇಲ್ವೇನಮ್ಮ?" ಎಂದು ಡಾಕ್ಟರು ಕೇಳಿದಾಗ, "ನೋಡಿದ್ರು ಸಾರ್, ನಾರ್ಮಲ್ ಇತ್ತು" ಎಂದು ಎದೆ ಸೆಟೆಸಿ ಹೇಳಿದ್ದವಳು ಇವಳೇ.

ಸಿಟ್ಟು ಬಂತು. ಮೊದಲು ಆ ಹುಡುಗಿಯ ಮೇಲೆ, ಆಮೇಲೆ ಕಾಲೇಜಿನ ಮೇಲೆ, ಕೊನೆಗೆ ತನ್ನ ಮೇಲೆ. ದಿನಕ್ಕೆ ಐವತ್ತು ತೋಳಿಗೆ ಪಟ್ಟಿ ಕಟ್ಟುವವಳು ಅಪ್ಪನ ತೋಳಿಗೆ ಒಂದು ದಿನವೂ ಕಟ್ಟಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತ ಸುಮ್ಮನೆ ಅಂದಿದ್ದಾರೆಯೇ?

"ಈ ಸುಳ್ಳು ಫೈಲನ್ನ ಯಾಕಮ್ಮ ಜೋಪಾನ ಮಾಡಿದೀಯ?"

"ಪಕ್ಕದ್ಮನೆ ಶೀಲಾ ಓದಿ ಹೇಳಿದ್ಲು, ಕೃಷ್ಣಪ್ಪನೋರು ಚೆನ್ನಾಗಿದಾರೆ ಅಂತ ಬರ್ದಿದೆ ಅಂತ. ಹಾಗಂತ ಬರ್ದಿರೋ ಕಾಗದ ನನ್ಹತ್ರ ಇನ್ನೊಂದಿಲ್ಲ. ಕೊಡಿಲ್ಲಿ." ವಿಮಲಮ್ಮ ಕೈ ಒರೆಸಿಕೊಂಡು ಫೈಲನ್ನು ಇಸಿದುಕೊಂಡರು.

ಅಷ್ಟರಲ್ಲಿ ಹರಿಪ್ರಸಾದನ ಫೋನು. "ಎಲ್ಲಿದ್ದೀರಿ ಮೇಡಂ? ನಿಮ್ಮ ರೆಕಾರ್ಡ್ ಬರೆಯೋಕೂ ಜನ ಗೊತ್ತು ಮಾಡಿದೀನಿ."

"ಯಾರ ಮನೆ ಅಂತ ಬರೀತಾರೆ ಸಾರ್?"

"ಯಾವುದೋ ಒಂದು ಮನೆ. ನೀವ್ಯಾಕೆ ತಲೆ ಕೆಡಿಸ್ಕೋತೀರಿ?"

"ನಾನು ಬರಲ್ಲ ಸಾರ್. ನನ್ನ ಹೆಸರು ತೆಗೀರಿ."

ಅವಳು ಮಾರ್ಕ್ಸ್ ಕಾರ್ಡುಗಳನ್ನು ಬ್ಯಾಗಿಗೆ ಹಾಕಿಕೊಂಡಳು. ಹಳೇ ಕಾಲೇಜಿಗೆ ಹೋಗಬೇಕು, ನಾಳೆ ಡಾಕ್ಟರಿಗೆ ಕೆಲಸ ಬಿಡುವ ವಿಷಯ ಹೇಳಬೇಕು, ಅದಕ್ಕೂ ಮೊದಲು ಸಂಜಯನಿಗೆ ಹೇಳಬೇಕು. ಹೆದರಿಕೆಯೇನೋ ಆಗುತ್ತಿತ್ತು.

"ಹೋಗೋ ಮುಂಚೆ ನಂದೊಂದು ನೋಡೇ" ಎಂದು ವಿಮಲಮ್ಮ ತೋಳು ಚಾಚಿದರು.

"ಮಷೀನ್ ತಂದಿಲ್ಲಮ್ಮ. ಮುಂದಿನ ವಾರ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಚಪ್ಪಲಿ ಮೆಟ್ಟಿ, ಸರ್ಕಲ್ಲಿನ ಮೆಡಿಕಲ್ ಶಾಪಿಗೆ ಹೋಗಿ ಒಂದು ಬಿಪಿ ಮಷೀನ್ ಕೊಂಡು ತಂದಳು. ಅಮ್ಮನನ್ನು ಐದು ನಿಮಿಷ ಸುಮ್ಮನೆ ಕೂರಿಸಿ ಪಟ್ಟಿ ಕಟ್ಟಿದಳು. ಎರಡು ಸಲ ನೋಡಿದಳು.

"ಚೆನ್ನಾಗಿದೆಯಾ?"

"ಇಲ್ಲಮ್ಮ. ನೂರ ಅರವತ್ನಾಲ್ಕು ಬೈ ತೊಂಬತ್ತಾರು. ಜಾಸ್ತಿ ಇದೆ. ನಾಳೆ ಸುನಿಲ್ ಜೊತೆ ಕ್ಲಿನಿಕ್ಕಿಗೆ ಬಾ."

ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಅದನ್ನೇ ಬರೆದಳು. ವಿಮಲಮ್ಮ ಆ ಅಂಕಿಗಳ ಮೇಲೆ ಬೆರಳಿಟ್ಟರು.

"ಇದು ನಿಜಾನಾ?"

"ನಿಜ ಅಮ್ಮ."

ವಿಮಲಮ್ಮ ಎದ್ದು ಹೋಗಿ ಉಪ್ಪಿನ ಡಬ್ಬಿಯನ್ನು ಮೇಲಿನ ಗೂಡಿಗೆ ಎತ್ತಿಟ್ಟರು. ಪ್ರಿಯದರ್ಶಿನಿ ಮೂರೂವರೆಯ ಬಸ್ಸಿಗೆ ಓಡಿದಳು.