ಜೋಡಿ ತಪ್ಪಿದ ಪಿಸ್ಟನ್

ಅಂದು ಬೆಳಗ್ಗೆ ಕವಿದಿದ್ದ ಮಂಜಿನಲ್ಲಿ ಚಾಚಿದ ಕೈ ತನ್ನದೋ ಅಲ್ಲವೋ ಎನ್ನುವಂತಿತ್ತು. ಲೇತ್ ಕೆಲಸದವನು ತಡವರಿಸುತ್ತ ಅಕ್ಕನ ಮನೆಯ ಮೆಟ್ಟಿಲು ಹತ್ತಿದ. ಗಡಿಯಾರ ರಿಪೇರಿಯ ಭಾವ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಹಿಂದಿನ ದಿನ ಹೇಳಿಕಳಿಸಿದ್ದರು: ಬಂದು ಕಾರು ತೊಗೊಂಡ್ಹೋಗು.

ಮೊಳದುದ್ದದ ಹಳೆಯ ಮಾದರಿ ರೇಸ್ ಕಾರು ಕಿಟಕಿಯ ಬಳಿಯಿತ್ತು. ಅದರ ಹೊಟ್ಟೆಯೊಳಗೆ ಮುಷ್ಟಿಯಷ್ಟು ಪೆಟ್ರೋಲ್ ಇಂಜಿನ್. ಕಂಬಕ್ಕೆ ತಂತಿ ಕಟ್ಟಿ ಬಿಟ್ಟರೆ ಕಿರುಚಿಕೊಂಡು ಸುತ್ತಬೇಕು. ಹನ್ನೊಂದು ವರ್ಷದಿಂದ ಅದು ತುಟಿ ಬಿಚ್ಚಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿಮ್ಮ ಭಾವ ಅದನ್ನೂ ಅನ್ನಲ್ಲ ಕಣೋ, ತಮ್ಮ ಕೈಯೇ ಡೊಂಕು ಅಂತಾರೆ," ಎಂದಳು ಅಕ್ಕ.

ಭಾವ ನಗಲು ಹೋಗಿ ಕೆಮ್ಮಿದರು. "ಸುಳ್ಳೇನೇ? ಇವನ ಹತ್ರ ಇರೋ ಇಂಥದೇ ಕಾರು ಒಂದೇ ಸಲಕ್ಕೆ ಏಳುತ್ತೆ. ನಂದು ನಾನು ಮುಟ್ಟಿದ ಮೇಲೆ ಉಸಿರೇ ಬಿಡ್ಲಿಲ್ಲ. ಆಮೇಲೆ ಅಂಗಡೀಲೂ ಅದೇ ಭಯ, ಯಾರ ಗಡಿಯಾರ ಕೆಡಿಸ್ತೀನೋ ಅಂತ. ಕೈಗುಣ ಇಲ್ಲದ ಕೈ ಕಣೋ ಇದು. ಇಷ್ಟೇ ತಿಳ್ಕೊಂಡು ಹೋಗ್ತಾ ಇದೀನಿ."

ನಿಜ ಗೊತ್ತಿದ್ದವನು ತಮ್ಮನೊಬ್ಬನೇ. ಆ ಇಂಜಿನ್ನಿನ ಪಿಸ್ಟನ್ನಿಗೆ ಸಂದು ಮುಚ್ಚುವ ರಿಂಗ್ ಇಲ್ಲ. ಅದರದೇ ಸಿಲಿಂಡರಿನಲ್ಲಿ ಉಜ್ಜಿ ಉಜ್ಜಿ ಒಗ್ಗಿಸಿರುತ್ತಾರೆ, ಹೆತ್ತ ಕೂಸಿಗೆ ಮಡಿಲಿದ್ದಂತೆ. ಹನ್ನೊಂದು ವರ್ಷದ ಹಿಂದೆ ಎರಡೂ ಕಾರಿನ ಇಂಜಿನ್ ಬಿಚ್ಚಿ ಒಂದೇ ತಟ್ಟೆಯ ಸೀಮೆಎಣ್ಣೆಯಲ್ಲಿ ತೊಳೆದವನು ಇವನು. ತಿಳಿಯದೆ ಪಿಸ್ಟನ್ ಅದಲುಬದಲು ಮಾಡಿ ಕೂರಿಸಿದವನೂ ಇವನೇ; ಭಾವ ತಮ್ಮ ಕಾರಿನ ಮಿಕ್ಕ ಭಾಗ ಜೋಡಿಸಿದ್ದರಷ್ಟೇ. ಭಾವನದು ಇವನ ಇಂಜಿನ್ನಿನಲ್ಲಿ ಬಿಗಿಯಾಗಿ ಕೂತು ಓಡಿತು, ಪಂದ್ಯ ಗೆದ್ದಿತು. ಇವನದು ಅಲ್ಲಿ ಸಡಿಲವಾಗಿ ಸತ್ತಿತು. ಮೊದಲ ವಾರದಲ್ಲೇ ಗೊತ್ತಾಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ದೇವರ ಮುಂದೆ ದಿನಾ ಕೈಮುಗಿದವನಿಗೆ ಭಾವನ ಮುಂದೆ ಬಾಯಿ ಬರಲಿಲ್ಲ.

"ಭಾವ, ತಪ್ಪು ನಿಮ್ಮ ಕೈಯದ್ದಲ್ಲ. ನಂದು," ಎಂದು ಎಲ್ಲವನ್ನೂ ಹೇಳಿದ.

ಭಾವ ಕಿಟಕಿಯ ಬಳಿಯ ಕಾರಿನತ್ತ ತಿರುಗಿದರು. "ಈಗ ನಂದು ವಾಪಸ್ ಹಾಕಿದ್ರೆ ಏಳುತ್ತೇನೋ?"

"ಇಲ್ಲ ಭಾವ. ನನ್ನದ್ರಲ್ಲಿ ಓಡಿ ಓಡಿ ಸವೆದುಹೋಗಿದೆ."

"ಹೂಂ." ಕಣ್ಣು ಮುಚ್ಚಿ, ಬಲಗೈಯನ್ನು ಹೊದಿಕೆಯಿಂದ ಹೊರತೆಗೆದು ಚಾಚಿದರು.

ಲೇತ್‌ನವನು ಮುಂಜಾನೆ ತನ್ನ ಕಾರಿನಿಂದ ಬಿಚ್ಚಿ ತಂದಿದ್ದ ಭಾವನ ಪಿಸ್ಟನ್ನನ್ನು ಜೇಬಿನಿಂದ ತೆಗೆದ. ಹರಳೆಣ್ಣೆಯ ಜಿಡ್ಡನ್ನು ಅಂಗಿಗೆ ಒರೆಸಿ, ಆ ಅಂಗೈಯಲ್ಲಿಟ್ಟ.